ಗುಂಪಾಗಿ ಕೋಡಿಂಗ್ ಕಲಿಯಲು ಕೂತವರಿಗೆ: ಮೊದಲ ವಾರವೇ ಕೈಕೊಡುವ ಟೂಲ್‌ಗಳನ್ನು ದಾರಿಗೆ ತರುವುದು ಹೇಗೆ?

"ಪೈಥಾನ್ ಹಾಕ್ಕೊಂಡಿದ್ದೀವಿ ಸಾರ್, ಆದ್ರೆ ಓಪನ್ನೇ ಆಗ್ತಿಲ್ಲ." ತುಮಕೂರು ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಧಾಟಿಯವು. (ಪೈಥಾನ್ ಎಂದರೆ ಕೋಡ್ ಬರೆಯುವ ಒಂದು ಭಾಷೆ.) ಕೇಳುವವರು ಮಾತ್ರ ಬೇರೆ ಬೇರೆ: ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವವರು, ಡಿಪ್ಲೊಮಾ ಹುಡುಗರು, ಮಂಡಿಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಲ್ಯಾಪ್‌ಟಾಪ್ ಮುಂದೆ ಕೂರುವ ತಾಯಂದಿರು. ಮೂರ್ನಾಲ್ಕು ಜನ ಸೇರಿ ಒಂದು ಗುಂಪು ಮಾಡಿಕೊಂಡಿರುತ್ತಾರೆ, ಉತ್ಸಾಹವೂ ಇರುತ್ತದೆ. ಲೂಪ್ ಅಂದರೇನು, ಫಂಕ್ಷನ್ ಅಂದರೇನು ಎಂದು ಯಾರೂ ಕೇಳುವುದಿಲ್ಲ. ಅಲ್ಲಿಯವರೆಗೆ ಹೋಗಿದ್ದರೆ ತಾನೆ ಕೇಳುವುದು!

ಕೋಡಿಂಗ್ ಕಷ್ಟವೆಂದು ಬಿಟ್ಟವರನ್ನು ನಾನು ಕಂಡದ್ದು ಕಡಿಮೆ. ಟೂಲ್‌ಗಳ ಜೊತೆ, ಎಂದರೆ ಕೋಡ್ ಬರೆಯಲು, ಓಡಿಸಲು ಬೇಕಾದ ಸಾಫ್ಟ್‌ವೇರ್‌ಗಳ ಜೊತೆ, ಗುದ್ದಾಡಿ ಸುಸ್ತಾಗಿ, "ನಮ್ ತಲೆಗೆ ಹತ್ತಲ್ಲ ಬಿಡು" ಎಂದು ಎದ್ದುಹೋದವರೇ ಜಾಸ್ತಿ. ಈ ಟೂಲ್‌ಗಳನ್ನು ಮಾಡಿದವರು ದಿನವಿಡೀ ಅವುಗಳಲ್ಲೇ ಮುಳುಗಿರುವ ಪ್ರೋಗ್ರಾಮರ್‌ಗಳು, ಮಾಡಿದ್ದೂ ತಮ್ಮಂಥವರಿಗೇ. ಹಾಗಾಗಿ ಎಡವಿದರೆ ನಿಮ್ಮ ಇಂಗ್ಲಿಷನ್ನೋ ಬುದ್ಧಿಯನ್ನೋ ಬೈದುಕೊಳ್ಳಬೇಡಿ. ಗುಂಪಿನಲ್ಲಿ ಕಲಿಯುವುದರ ಲಾಭ ಸಿಗುವುದೂ ಇಲ್ಲಿಯೇ. ಒಬ್ಬರು ಎಡವಿದ ಕಡೆ ಉಳಿದವರು ಎಡವಬೇಕಿಲ್ಲ, ಕ್ರಮ ಗೊತ್ತಿದ್ದರೆ.

ಓದುವ ಮುನ್ನ ಒಂದು ಮಾತು. ಕಮಾಂಡುಗಳನ್ನು, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆದೇಶಗಳನ್ನು, ಇಲ್ಲಿ ಬಾಯಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಿ. ಪಕ್ಕದವರಿಗೆ ಫೋನಿನಲ್ಲಿ ಹೇಳಿಕೊಡುವಾಗಲೂ ಹೀಗೇ ಹೇಳುತ್ತೀರಲ್ಲ.

ಏನೇನು ಬೇಕು?

ಮೂವರಿಂದ ಐವರ ಗುಂಪು. ಅದಕ್ಕಿಂತ ದೊಡ್ಡದಾದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಫೋನ್ ನೋಡುತ್ತಾರೆ. ಇಬ್ಬರಿಗೆ ಒಂದು ಲ್ಯಾಪ್‌ಟಾಪ್ ಸಾಕು, ಹಳೆಯದಾದರೂ ನಡೆಯುತ್ತದೆ. ಒಂದು ಪೆನ್‌ಡ್ರೈವ್, ಒಂದು ಇನ್ನೂರು ಪುಟದ ನೋಟ್‌ಬುಕ್. ಇಂಟರ್ನೆಟ್ ಮೊದಲ ದಿನ ಬೇಕು, ಆಮೇಲೆ ಯಾರದಾದರೂ ಹಾಟ್‌ಸ್ಪಾಟ್ ಸಾಕು. ಲ್ಯಾಪ್‌ಟಾಪೇ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಎಂಬ ಆ್ಯಪ್‌ನಲ್ಲಿ ಪೈಥಾನ್ ಓಡುತ್ತದೆ. ಒಂದೆರಡು ತಿಂಗಳು ಅದರಲ್ಲೇ ತಳ್ಳಬಹುದು.

1. ಎಲ್ಲರೂ ಒಂದೇ ಟೂಲ್ ಹಾಕಿಕೊಳ್ಳಿ

ಗುಂಪುಗಳು ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ಒಬ್ಬನ ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾನೆ, ವಿಎಸ್ ಕೋಡ್ ಹಾಕಿಕೊಳ್ಳಲು ಹೇಳಿರುತ್ತಾನೆ. ಇನ್ನೊಬ್ಬಳು ಯೂಟ್ಯೂಬ್ ನೋಡಿ ಪೈಚಾರ್ಮ್ ತಂದಿರುತ್ತಾಳೆ. ಮೂರನೆಯವನು ಬ್ರೌಸರಿನಲ್ಲೇ ಕೋಡ್ ಬರೆಯುತ್ತಾನೆ. ಎಲ್ಲವೂ ಒಳ್ಳೆಯ ಟೂಲ್‌ಗಳೇ, ಆದರೆ ಒಬ್ಬನ ಪರದೆಯಲ್ಲಿ ಬಂದ ತೊಂದರೆಗೆ ಇನ್ನೊಬ್ಬನ ಬಳಿ ಉತ್ತರವಿರುವುದಿಲ್ಲ.

ನನ್ನ ಸಲಹೆ: ಥಾನಿಯಿಂದ ಶುರುಮಾಡಿ. ಇದು ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಹುಟ್ಟಿದ ಉಚಿತ ಎಡಿಟರ್. ಎಡಿಟರ್ ಎಂದರೆ ಕೋಡ್ ಬರೆಯುವ ಜಾಗ. ಪೈಥಾನ್ ಇದರ ಒಳಗೇ ಇರುವುದರಿಂದ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕಿಲ್ಲ. ಎಫ್5 ಒತ್ತಿದರೆ ಪ್ರೋಗ್ರಾಂ ಓಡುತ್ತದೆ. ವ್ಯೂ ಮೆನುವಿನಲ್ಲಿ ವೇರಿಯಬಲ್ಸ್ ಎಂಬುದಕ್ಕೆ ಟಿಕ್ ಹಾಕಿದರೆ ಯಾವ ಹೆಸರಿನಲ್ಲಿ ಯಾವ ಮೌಲ್ಯ ಕೂತಿದೆ ಎಂಬುದು ಪಕ್ಕದಲ್ಲೇ ಕಾಣುತ್ತದೆ. "ಇದು ಮಕ್ಕಳ ಟೂಲ್" ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ ಬಿಡಿ, ನೀವು ಬರೆಯುವ ಪೈಥಾನ್ ಅದೇ ಪೈಥಾನ್.

ಇನ್ನೂ ವಿಂಡೋಸ್ 7 ಇರುವ ಲ್ಯಾಪ್‌ಟಾಪ್ ಒಂದಾದರೂ ಗುಂಪಿನಲ್ಲಿ ಇದ್ದೇ ಇರುತ್ತದೆ. ಪೈಥಾನ್ 3.9ರಿಂದ ಮುಂದಿನ ಯಾವುದೂ ವಿಂಡೋಸ್ 7ರಲ್ಲಿ ಕೂರುವುದಿಲ್ಲ, 3.8 ಕೊನೆಯದು. ಥಾನಿಯ ಡೌನ್‌ಲೋಡ್ ಪುಟದಲ್ಲಿ 3.8 ಸೇರಿಸಿದ ಬೇರೆ ಇನ್‌ಸ್ಟಾಲರ್ ಇದೆ, ಅಂಥವರು ಅದನ್ನೇ ಆರಿಸಿಕೊಳ್ಳಬೇಕು.

ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಇದ್ದು ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರಿನಲ್ಲೋ ಕಾಲೇಜು ಲ್ಯಾಬಿನಲ್ಲೋ ಕಲಿಯುವವರಿಗೆ ಇನ್ನೊಂದು ಅಡ್ಡಿ. ಏನು ಹಾಕಹೋದರೂ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಥಾನಿಯ ಪೋರ್ಟಬಲ್ ಆವೃತ್ತಿ ಜಿಪ್ ಫೈಲಾಗಿ ಸಿಗುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಬಿಚ್ಚಿಟ್ಟುಕೊಂಡರೆ ಇನ್‌ಸ್ಟಾಲ್ ಮಾಡದೆಯೇ ಓಡುತ್ತದೆ. ಸಿಬ್ಬಂದಿಗೆ ಒಂದು ಮಾತು ಹೇಳಿ, ಅನುಮತಿ ಕೇಳಿ ಪೆನ್‌ಡ್ರೈವ್ ಹಾಕಿ.

2. ಮಾಮೂಲಿ ಪೈಥಾನೇ ಬೇಕೆಂದರೆ

ಕಾಲೇಜಿನ ಸಿಲಬಸ್ಸಿಗೋ ಕೋರ್ಸಿಗೋ ಮಾಮೂಲಿ ಪೈಥಾನ್ ಬೇಕಾದವರು ಈ ಹಂತ ಓದಿ. ಥಾನಿ ಹಾಕಿಕೊಂಡವರು ಮೂರಕ್ಕೆ ಹೋಗಿ.

ಪೈಥಾನ್ ಇನ್‌ಸ್ಟಾಲರ್‌ನ ಮೊದಲ ಪರದೆಯ ತಳದಲ್ಲಿ "ಪಾಥ್‌ಗೆ ಸೇರಿಸು" ಎಂಬರ್ಥದ ಸಣ್ಣ ಚೌಕವಿರುತ್ತದೆ. ಎಲ್ಲರೂ ಮೇಲಿನ ದೊಡ್ಡ ಇನ್‌ಸ್ಟಾಲ್ ಬಟನ್ ಒತ್ತಿ ಮುಂದೆ ಹೋಗುತ್ತಾರೆ, ಚೌಕ ಖಾಲಿ ಉಳಿಯುತ್ತದೆ. ಪಾಥ್ ಎಂದರೆ ನೀವೊಂದು ಕಮಾಂಡ್ ಕೊಟ್ಟಾಗ ವಿಂಡೋಸ್ ಯಾವ ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಎಂಬ ಪಟ್ಟಿ. ಆ ಪಟ್ಟಿಯಲ್ಲಿ ಪೈಥಾನ್ ಇಲ್ಲದಿದ್ದರೆ ಅದು ಡಿಸ್ಕಿನಲ್ಲಿ ಇದ್ದೂ ಇಲ್ಲದಂತೆ. ಮರೆತಿದ್ದರೆ ಕಂಗಾಲಾಗಬೇಡಿ. ಅದೇ ಇನ್‌ಸ್ಟಾಲರ್ ಮತ್ತೆ ತೆರೆದು ಮಾಡಿಫೈ ಒತ್ತಿ, ಮುಂದಿನ ಪರದೆಗಳಲ್ಲಿ "ಪೈಥಾನನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ಗೆ ಸೇರಿಸು" ಎಂಬರ್ಥದ ಚೌಕಕ್ಕೆ ಟಿಕ್ ಹಾಕಿ.

ಈಗ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಸ್ಟಾರ್ಟ್ ಮೆನುವಿನಲ್ಲಿ ಸಿ ಎಂ ಡಿ ಎಂದು ಬರೆದರೆ ಬರುವ ಕಪ್ಪು ಕಿಟಕಿ ಅದು. ಪೈಥಾನ್ ಎಂದು ಬರೆದು, ಸ್ಪೇಸ್ ಕೊಟ್ಟು, ಎರಡು ಹೈಫನ್ ಹಾಕಿ, ಅವಕ್ಕೆ ಅಂಟಿದಂತೆ ವರ್ಷನ್ ಎಂದು ಬರೆದು ಎಂಟರ್ ಒತ್ತಿ. ನಂಬರ್ ಬಂದರೆ ಸರಿ.

ನಂಬರಿನ ಬದಲು ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ? ವಿಂಡೋಸ್ 10 ಮತ್ತು 11ರಲ್ಲಿ ಪೈಥಾನ್ ಹೆಸರಿನ ಒಂದು ಡಮ್ಮಿ ಮೊದಲೇ ಕೂತಿರುತ್ತದೆ, ಅದರ ಕೆಲಸ ನಿಮ್ಮನ್ನು ಸ್ಟೋರ್‌ಗೆ ಅಟ್ಟುವುದಷ್ಟೇ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಆ್ಯಪ್ ಎಕ್ಸಿಕ್ಯೂಷನ್ ಏಲಿಯಾಸಸ್ ಎಂದು ಬರೆದು, ಬಂದ ಪಟ್ಟಿಯಲ್ಲಿ ಪೈಥಾನ್ ಹೆಸರಿನ ಎರಡು ಸ್ವಿಚ್‌ಗಳನ್ನೂ ಆಫ್ ಮಾಡಿ. ಕಪ್ಪು ಕಿಟಕಿ ಮುಚ್ಚಿ ಹೊಸದು ತೆರೆಯಿರಿ. ಈ ಮುಚ್ಚಿ ತೆರೆಯುವುದನ್ನು ಮರೆತು ಎಲ್ಲ ಸರಿಯಿದ್ದರೂ ಒದ್ದಾಡುವವರಿದ್ದಾರೆ, ಪಾಥ್ ಬದಲಾದದ್ದು ಹಳೆಯ ಕಿಟಕಿಗೆ ತಿಳಿಯುವುದಿಲ್ಲ.

ಲೈಬ್ರರಿ ಹಾಕಿಕೊಳ್ಳಲು, ಎಂದರೆ ಬೇರೆಯವರು ಬರೆದಿಟ್ಟ ಕೋಡನ್ನು ತಂದುಕೊಳ್ಳಲು, ಪಿಪ್ ಎಂಬ ಕಮಾಂಡ್ ಇದೆ. ಅದನ್ನು ನೇರವಾಗಿ ಕರೆಯದೆ, ಪೈಥಾನ್ ಸ್ಪೇಸ್ ಹೈಫನ್ ಎಂ ಸ್ಪೇಸ್ ಪಿಪ್ ಎಂದು ಶುರುಮಾಡಿ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಪೈಥಾನ್ ಇದ್ದರೆ ಲೈಬ್ರರಿ ಒಂದಕ್ಕೆ ಹೋಗಿ ಕೋಡ್ ಇನ್ನೊಂದರಲ್ಲಿ ಓಡುವ ಗೋಳು ಇದರಿಂದ ತಪ್ಪುತ್ತದೆ. ಪವರ್‌ಶೆಲ್ ಎಂಬ ನೀಲಿ ಕಿಟಕಿಯಲ್ಲಿ "ಸ್ಕ್ರಿಪ್ಟ್ ಓಡಿಸಲು ಅನುಮತಿಯಿಲ್ಲ" ಎಂದು ಕೆಂಪಾಗಿ ಬೈಸಿಕೊಂಡರೆ ಭದ್ರತೆಯ ಸೆಟ್ಟಿಂಗ್ ಕೆದಕಲು ಹೋಗಬೇಡಿ, ಕಪ್ಪು ಕಿಟಕಿಗೆ ಬನ್ನಿ, ಸಾಕು.

3. ಇಬ್ಬರು ಕೂತರೆ ಕೀಬೋರ್ಡ್ ಒಬ್ಬರಿಗೆ

ಇದಕ್ಕೆ ಪೇರ್ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ಮುಂದೇನೆಂದು ಯೋಚಿಸುತ್ತ ಬಾಯಲ್ಲಿ ಹೇಳುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅದಲು ಬದಲು, ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ನಿಯಮ ಒಂದೇ: ಹೇಳುವವರು ಕೀಬೋರ್ಡ್ ಕಿತ್ತುಕೊಳ್ಳಬಾರದು. ಗುಂಪಿನಲ್ಲಿ ಸ್ವಲ್ಪ ಬಲ್ಲವನೊಬ್ಬ ಇದ್ದರೆ "ಇರು, ನಾನ್ ಮಾಡ್ಕೊಡ್ತೀನಿ" ಎಂದು ಪಟಪಟನೆ ಸರಿಮಾಡಿಬಿಡುತ್ತಾನೆ. ಅವನಿಗೆ ಖುಷಿ, ಉಳಿದವರು ಪ್ರೇಕ್ಷಕರು. ಅಂಥವನಿಗೆ ಟೈಪ್ ಮಾಡುವ ಕೆಲಸವನ್ನೇ ಕೊಟ್ಟು, ಹೊಸಬರಿಂದ ಹೇಳಿಸಿ.

ನೋಟ್‌ಬುಕ್ ಇಲ್ಲಿಂದಲೇ ಶುರು. ಪ್ರತಿ ತೊಂದರೆಗೆ ಮೂರು ಸಾಲು: ಕಂಪ್ಯೂಟರ್ ಹೇಳಿದ್ದೇನು (ಇದ್ದದ್ದು ಇದ್ದಂತೆ), ಆಗ ನಾವು ಮಾಡುತ್ತಿದ್ದದ್ದೇನು, ಯಾವುದರಿಂದ ಸರಿಹೋಯಿತು. ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಮದುವೆ ಫೋಟೋಗಳ ನಡುವೆ ಕಳೆದುಹೋಗುತ್ತದೆ, ಪುಸ್ತಕದಲ್ಲೇ ಬರೆಯಿರಿ.

4. ಕೆಂಪಕ್ಷರಗಳನ್ನು ಕೆಳಗಿನಿಂದ ಓದಿ

ಉಳಿದದ್ದೇನು ಮರೆತರೂ ಈ ಹಂತವನ್ನು ಮರೆಯಬೇಡಿ.

ಪ್ರೋಗ್ರಾಂ ನಿಂತಾಗ ಪೈಥಾನ್ ಹಲವು ಸಾಲುಗಳ ಒಂದು ವರದಿ ಕೊಡುತ್ತದೆ. ಅದಕ್ಕೆ ಟ್ರೇಸ್‌ಬ್ಯಾಕ್ ಎಂದು ಹೆಸರು. ನಾವು ಅಭ್ಯಾಸಬಲದಿಂದ ಮೇಲಿನಿಂದ ಓದುತ್ತೇವೆ, ಮೇಲಿನ ಸಾಲು ತಲೆಬುಡ ತಿಳಿಯುವುದಿಲ್ಲ, ಅಲ್ಲಿಗೇ ಬಿಡುತ್ತೇವೆ. "ಮೇಲಿಂದ ಅಲ್ಲ ಕಣೋ, ಕೊನೇ ಸಾಲ್ ಓದು" ಎಂದು ಗುಂಪಿನಲ್ಲಿ ಒಬ್ಬರು ನೆನಪಿಸುತ್ತಿರಬೇಕು. ಕೊನೆಯ ಸಾಲಿನಲ್ಲಿ ತಪ್ಪಿನ ಜಾತಿ ಮತ್ತು ಕಾರಣ ಇರುತ್ತವೆ. ಅದರ ಸ್ವಲ್ಪ ಮೇಲೆ ನಿಮ್ಮ ಫೈಲಿನ ಎಷ್ಟನೇ ಸಾಲು ಎಂಬುದಿರುತ್ತದೆ. ಮಿಕ್ಕದ್ದು ಸದ್ಯಕ್ಕೆ ಬೇಡ.

ನಮ್ಮ ಜಿಲ್ಲೆಯದೇ ಒಂದು ಲೆಕ್ಕ ತೆಗೆದುಕೊಳ್ಳಿ. ತಿಪಟೂರಿನ ಕೊಬ್ಬರಿಗೆ ಬಿಲ್ ಹಾಕುವ ಪುಟ್ಟ ಪ್ರೋಗ್ರಾಂ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು, ಎಂದರೆ ಕೆಜಿಗೆ 121. ಚೀಲದ ತೂಕ 48.5 ಕೆಜಿ. ಬರಬೇಕಾದ ಮೊತ್ತ 5,868 ರೂಪಾಯಿ 50 ಪೈಸೆ.

ಇನ್‌ಪುಟ್ ಎಂಬ ಫಂಕ್ಷನ್ (ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡ್) ಬಳಸಿ ತೂಕ ಕೇಳಿ, ಅದನ್ನು 121ರಿಂದ ಗುಣಿಸಿ ಪ್ರಿಂಟ್ ಮಾಡಿ ನೋಡಿ. ಎರರ್ ಏನೂ ಬರುವುದಿಲ್ಲ. ಬದಲಿಗೆ 48.548.548.5 ಎಂದು 121 ಸಲ ಪರದೆ ತುಂಬಾ ಬರುತ್ತದೆ! ಇನ್‌ಪುಟ್ ಏನೇ ತಂದುಕೊಟ್ಟರೂ ಅದನ್ನು ಸ್ಟ್ರಿಂಗ್, ಎಂದರೆ ಬರಿಯ ಅಕ್ಷರಗಳ ಸಾಲು ಎಂದೇ ಕೊಡುತ್ತದೆ, ಅಕ್ಷರಗಳನ್ನು 121ರಿಂದ ಗುಣಿಸು ಎಂದರೆ ಪೈಥಾನ್ ಅಷ್ಟು ಸಲ ಬರೆದುಬಿಡುತ್ತದೆ. ತೂಕವನ್ನು ಫ್ಲೋಟ್ ಎಂಬುದರೊಳಗೆ ಹಾಕಿ ದಶಮಾಂಶ ಸಂಖ್ಯೆಯಾಗಿ ಮಾಡಿಕೊಂಡರೆ ಸರಿಯಾದ ಮೊತ್ತ ಬರುತ್ತದೆ.

ಈಗ ಕ್ವಿಂಟಲ್ ಬೆಲೆಯನ್ನೂ ಇನ್‌ಪುಟ್‌ನಿಂದಲೇ ಕೇಳಿ, ಪೂರ್ಣಾಂಕ ಮಾಡುವ ಇಂಟ್ ಒಳಗೆ ಹಾಕಿ. ಟೈಪ್ ಮಾಡುವವರು ಬಿಲ್ಲಿನಲ್ಲಿ ಬರೆಯುವ ಹಾಗೆ 12,100 ಎಂದು ಅಲ್ಪವಿರಾಮ ಸಮೇತ ಕೊಟ್ಟರೆ ಪ್ರೋಗ್ರಾಂ ನಿಲ್ಲುತ್ತದೆ. ಕೊನೆಯ ಸಾಲಿನಲ್ಲಿ ವ್ಯಾಲ್ಯೂಎರರ್ ಎಂದಿದ್ದು, ಅದರ ತುದಿಯಲ್ಲಿ ನೀವು ಕೊಟ್ಟ 12,100 ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಕೂತಿರುತ್ತದೆ. "ಇದನ್ನು ಸಂಖ್ಯೆ ಮಾಡಲು ನನಗೆ ಬರಲ್ಲ" ಎನ್ನುತ್ತಿದೆ, ಅಷ್ಟೇ. ರಿಪ್ಲೇಸ್ ಬಳಸಿ ಅಲ್ಪವಿರಾಮ ತೆಗೆದರೆ ಆಯಿತು, ಕೆಜಿ ಬೆಲೆಗೆ 100ರಿಂದ ಭಾಗಿಸಿಕೊಳ್ಳಿ. ಮೊದಲ ತಪ್ಪಿನಲ್ಲಿ ಪೈಥಾನ್ ಸುಮ್ಮನಿದ್ದು ತಪ್ಪು ಉತ್ತರ ಕೊಟ್ಟಿತು, ಎರಡನೆಯದರಲ್ಲಿ ಕಿರುಚಿತು. ನನ್ನನ್ನು ಕೇಳಿದರೆ ಕಿರುಚುವುದೇ ವಾಸಿ.

ಪದೇ ಪದೇ ಕಾಣುವ ಇನ್ನು ಕೆಲವು. ನೇಮ್‌ಎರರ್ ಬಂದರೆ ಹೆಸರಿನ ಸ್ಪೆಲಿಂಗ್ ನೋಡಿ, ದೊಡ್ಡಕ್ಷರ ಸಣ್ಣಕ್ಷರವೂ ಲೆಕ್ಕಕ್ಕೆ ಬರುತ್ತದೆ. ಇಂಡೆಂಟೇಷನ್‌ಎರರ್ ಎಂದರೆ ಸಾಲಿನ ಶುರುವಿನಲ್ಲಿ ಬಿಡುವ ಜಾಗದ ಎಡವಟ್ಟು. ಪಿಡಿಎಫ್ ನೋಟ್ಸಿನಿಂದ ಕಾಪಿ ಮಾಡಿದರೆ ಇದು ಬಂದೇ ಬರುತ್ತದೆ, ಕೈಯಾರೆ ಟೈಪ್ ಮಾಡಿ. ಸಿಂಟ್ಯಾಕ್ಸ್‌ಎರರ್ ತೋರಿಸಿದ ಸಾಲು ಸರಿಯಾಗಿಯೇ ಇದ್ದರೆ ಹಿಂದಿನ ಸಾಲಿನಲ್ಲಿ ಬ್ರಾಕೆಟ್ ಮುಚ್ಚಿಲ್ಲದಿರಬಹುದು. ಪೈಥಾನ್ 3.10ರಿಂದ ಈಚೆಗೆ "ಈ ಬ್ರಾಕೆಟ್ ಮುಚ್ಚಲೇ ಇಲ್ಲ" ಎಂದು ನೆಟ್ಟಗೆ ಹೇಳುವಷ್ಟು ಸುಧಾರಿಸಿದೆ, ಹಳೆಯವು ಮುಂದಿನ ಸಾಲಿನ ಮೇಲೆ ಗೂಬೆ ಕೂರಿಸುತ್ತವೆ.

ಒಂದು ವಿಚಿತ್ರ ತಪ್ಪನ್ನು ಪ್ರತ್ಯೇಕ ಹೇಳಬೇಕು. ಟರ್ಟಲ್ ಎಂಬ ಚಿತ್ರ ಬಿಡಿಸುವ ಲೈಬ್ರರಿ ಕಲಿಯುವಾಗ ತಮ್ಮ ಫೈಲಿಗೂ ಟರ್ಟಲ್ ಎಂದೇ ಹೆಸರಿಡುತ್ತಾರೆ. ಪೈಥಾನ್ ನಿಜವಾದ ಲೈಬ್ರರಿ ಬಿಟ್ಟು ನಿಮ್ಮ ಫೈಲನ್ನೇ ಲೈಬ್ರರಿ ಎಂದುಕೊಂಡು, ಅರ್ಥವಾಗದ ಆಟ್ರಿಬ್ಯೂಟ್‌ಎರರ್ ಕೊಡುತ್ತದೆ. ರ‍್ಯಾಂಡಮ್, ಕ್ಯಾಲೆಂಡರ್ ಹೆಸರುಗಳೂ ಹೀಗೇ. ಫೈಲಿನ ಹೆಸರು ಬದಲಿಸಿ. ನೋಟ್‌ಪ್ಯಾಡ್‌ನಲ್ಲಿ ಬರೆಯುವವರು ಇನ್ನೊಂದನ್ನೂ ಗಮನಿಸಿ: ಅದು ಫೈಲ್ ಹೆಸರಿನ ಕೊನೆಯ ಡಾಟ್ ಪಿವೈ (ಪೈಥಾನ್ ಫೈಲಿನ ಗುರುತು) ಆದ ಮೇಲೆ ಗುಟ್ಟಾಗಿ ಡಾಟ್ ಟಿಎಕ್ಸ್‌ಟಿ ಸೇರಿಸಿರಬಹುದು. ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿದರೆ ಗುಟ್ಟು ರಟ್ಟಾಗುತ್ತದೆ.

5. ಕನ್ನಡ ಬಳಸುವಾಗ

ಬಿಲ್ಲು, ಹೆಸರಿನ ಪಟ್ಟಿ, ರಸಪ್ರಶ್ನೆ ಇವನ್ನೆಲ್ಲ ಕನ್ನಡದಲ್ಲೇ ಮಾಡಬೇಕೆಂದು ನಿಮಗೆ ಅನ್ನಿಸದೆ ಇರದು. ಮಾಡಿ. ಇಂಗ್ಲಿಷ್ ಪಾಠಗಳಲ್ಲಿ ಸಿಗದ ಕೆಲವು ಸಂಗತಿ ಮಾತ್ರ ತಿಳಿದಿರಲಿ.

ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಬೆಲೆ, ತೂಕ ಎಂದು ಕನ್ನಡದಲ್ಲೇ ಹೆಸರಿಡಬಹುದು. ಆದರೆ "ಬಿಲ್‌ಮೊತ್ತ" ಎಂಬಂಥ ಪದ ಟೈಪಿಸುವಾಗ ಒತ್ತಕ್ಷರ ಆಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿರುತ್ತದೆ. ಹೆಸರಿನಲ್ಲಿ ಅದಿದ್ದರೆ ಪೈಥಾನ್ ಒಪ್ಪುವುದಿಲ್ಲ. ನಡುವೆ ಅಂಡರ್‌ಸ್ಕೋರ್ ಹಾಕಿ, ಇಲ್ಲವೇ ಬರಿಯ "ಮೊತ್ತ" ಎನ್ನಿ. ಇಂಟ್ ಒಳಗೆ ೪೮ ಎಂದು ಕನ್ನಡ ಅಂಕಿಯ ಸ್ಟ್ರಿಂಗ್ ಕೊಟ್ಟರೆ ಅದು ಸಲೀಸಾಗಿ 48 ಎಂದು ಓದಿಕೊಳ್ಳುತ್ತದೆ. ಕೋಡಿನಲ್ಲೇ ನೇರ ೪೮ ಎಂದು ಬರೆದರೆ ಮಾತ್ರ ನಡೆಯದು.

ಲೆನ್ ಎಂಬ ಫಂಕ್ಷನ್ ಸ್ಟ್ರಿಂಗಿನ ಉದ್ದ ಹೇಳುತ್ತದೆ. "ತುಮಕೂರು" ಕೊಟ್ಟರೆ ನಾಲ್ಕು ಬರಬೇಕಲ್ಲವೇ? ಏಳು ಬರುತ್ತದೆ. ಕೊಂಬು, ದೀರ್ಘ ಇವೆಲ್ಲ ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳು. ಯುನಿಕೋಡ್ ಎಂದರೆ ಪ್ರತಿ ಲಿಪಿಯ ಪ್ರತಿ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಜಾಗತಿಕ ವ್ಯವಸ್ಥೆ. ಪದವನ್ನು ಹಿಂದುಮುಂದಾಗಿ ತಿರುಗಿಸುವ ಅಭ್ಯಾಸ ಪಾಠಗಳಲ್ಲಿ ಬರುತ್ತದೆ, ಅದರಂತೆ ಈ ಪದವನ್ನು ತಿರುಗಿಸಿದರೆ ಮೊದಲು ಒಂಟಿ ಕೊಂಬು, ಆಮೇಲೆ ರೂ ಕ ಮು ತ ಬರುತ್ತವೆ. ನಿಮ್ಮ ಕೋಡ್ ತಪ್ಪಿಲ್ಲ, ಆ ಅಭ್ಯಾಸವನ್ನು ಇಂಗ್ಲಿಷ್ ಪದದಿಂದ ಮಾಡಿ ಮುಂದೆ ಹೋಗಿ.

ಫೈಲಿನಿಂದ ಕನ್ನಡ ಓದುವಾಗಲೂ ಬರೆಯುವಾಗಲೂ ಓಪನ್ ಫಂಕ್ಷನ್ನಿಗೆ ಎನ್‌ಕೋಡಿಂಗ್ ಯುಟಿಎಫ್ ಹೈಫನ್ 8 ಎಂದು ಹೇಳಲೇಬೇಕು. ವಿಂಡೋಸಿನಲ್ಲಿ ಹೇಳದೆ ಬಿಟ್ಟರೆ ಪೈಥಾನ್ ಸಾಮಾನ್ಯವಾಗಿ ಹಳೆಯ ಪಾಶ್ಚಾತ್ಯ ಲಿಪಿಗಳ ಪಟ್ಟಿ ಹಿಡಿದು ಓದಹೋಗಿ ಯುನಿಕೋಡ್‌ಡಿಕೋಡ್‌ಎರರ್ ಕೊಡುತ್ತದೆ, ಇಲ್ಲವೇ ಗಿಜಿಬಿಜಿ ತೋರಿಸುತ್ತದೆ. ಎಕ್ಸೆಲ್‌ನಲ್ಲಿ ತೆರೆಯಲು ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬಿಡಿಸಿದ ಪಟ್ಟಿ) ಬರೆಯುವುದಾದರೆ ಅದೇ ಎನ್‌ಕೋಡಿಂಗ್ ಹೆಸರಿನ ಕೊನೆಗೆ ಹೈಫನ್ ಎಸ್‌ಐಜಿ ಸೇರಿಸಿ, ಕನ್ನಡ ಸರಿಯಾಗಿ ಕಾಣುತ್ತದೆ. ಕಚೇರಿಯ ಹಳೆಯ ಕಡತಗಳು ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಪ್ರೋಗ್ರಾಮಿಗೆ ಅಲ್ಲಿ ಕನ್ನಡವೇ ಕಾಣಿಸದು, ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಕಪ್ಪು ಕಿಟಕಿಯಲ್ಲಿ ಕನ್ನಡ ಚೌಕಗಳಾಗಿ ಕಂಡರೆ ಹೆದರಬೇಡಿ, ಫೈಲಿಗೆ ಬರೆದು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ.

6. ಕೋಡ್ ಹಂಚಿಕೊಳ್ಳುವುದು

ವಾಟ್ಸ್ಆ್ಯಪ್‌ನಲ್ಲಿ ಕೋಡನ್ನು ಮೆಸೇಜಾಗಿ ಕಳಿಸಬೇಡಿ. ನಕ್ಷತ್ರ, ಅಂಡರ್‌ಸ್ಕೋರ್ ಚಿಹ್ನೆಗಳನ್ನು ಅದು ದಪ್ಪಕ್ಷರ, ಓರೆಯಕ್ಷರದ ಸೂಚನೆ ಎಂದುಕೊಳ್ಳಬಹುದು. ಕೆಲವು ಫೋನುಗಳು ನೇರ ಉದ್ಧರಣ ಚಿಹ್ನೆಯನ್ನು ಡೊಂಕಾಗಿಸುತ್ತವೆ, ಡೊಂಕು ಚಿಹ್ನೆ ಪೈಥಾನ್‌ಗೆ ಆಗಿಬರುವುದಿಲ್ಲ. ಫೈಲನ್ನೇ ಡಾಕ್ಯುಮೆಂಟಾಗಿ ಕಳಿಸಿ.

ಗಿಟ್ ಕಲಿಯಲೇಬೇಕೇ? ಕಲಿಯಬೇಕು, ಆದರೆ ಮೊದಲ ತಿಂಗಳಲ್ಲಿ ಬೇಡ. ಗಿಟ್ ಎಂದರೆ ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬರೆದದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನ ಕೆಲಸಕ್ಕೆ, ಜಗತ್ತಿನ ಮೂಲೆಮೂಲೆಯ ಪ್ರೋಗ್ರಾಮರ್‌ಗಳಿಗೆ. ಕ್ಯಾತ್ಸಂದ್ರದಲ್ಲಿ ಒಂದೇ ಟೇಬಲ್ಲಿನಲ್ಲಿ ಕೂತ ನಾಲ್ವರಿಗೆ ಅದು ಸಿಡುಕುಮೋರೆ ತೋರಿಸುವುದು ಸಹಜ. ಶುರುಮಾಡಿದಾಗ ಮೂರು ಕಡೆ ಸಿಕ್ಕಿಬೀಳುತ್ತೀರಿ.

ಒಂದು, ಕಮಿಟ್ ಮಾಡಿದಾಗ, ಎಂದರೆ ಬದಲಾವಣೆಯನ್ನು ದಾಖಲಿಸಿದಾಗ, ವಿಮ್ ಎಂಬ ಎಡಿಟರ್ ತೆರೆದುಕೊಂಡು ಏನು ಒತ್ತಿದರೂ ಮುಚ್ಚದು. ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಹೊರಬರುತ್ತೀರಿ. ಗಿಟ್ ಇನ್‌ಸ್ಟಾಲ್ ಮಾಡುವಾಗಲೇ ಎಡಿಟರ್ ಯಾವುದೆಂದು ಕೇಳಿದಾಗ ನೋಟ್‌ಪ್ಯಾಡ್ ಆರಿಸಿದರೆ ಈ ಸೆರೆವಾಸವಿಲ್ಲ. ಎರಡು, ಗಿಟ್‌ಹಬ್‌ಗೆ, ಎಂದರೆ ಗಿಟ್‌ನ ಕೋಡನ್ನು ಇಟ್ಟು ಹಂಚಿಕೊಳ್ಳುವ ಜಾಲತಾಣಕ್ಕೆ, ಕೋಡ್ ಕಳಿಸುವಾಗ ಪಾಸ್‌ವರ್ಡ್ ಸರಿ ಕೊಟ್ಟರೂ ತಿರಸ್ಕರಿಸುತ್ತದೆ. 2021ರ ಆಗಸ್ಟ್ 13ರಿಂದ ಗಿಟ್ ಕಮಾಂಡುಗಳಿಗೆ ಖಾತೆಯ ಪಾಸ್‌ವರ್ಡನ್ನು ಗಿಟ್‌ಹಬ್ ಒಪ್ಪುತ್ತಿಲ್ಲ, ಬ್ರೌಸರ್ ಮೂಲಕ ಸೈನ್ ಇನ್ ಆಗುವುದನ್ನು ಆರಿಸಿ. ಹಳೆಯ ವಿಡಿಯೋ ನೋಡಿ ಕಲಿಯುವವರಿಗೆ ಇದು ಗೊತ್ತಾಗುವುದೇ ಇಲ್ಲ. ಮೂರು, ಮರ್ಜ್ ಕಾನ್‌ಫ್ಲಿಕ್ಟ್: ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದಾಗ ಯಾವುದನ್ನು ಉಳಿಸಬೇಕೆಂದು ಗಿಟ್ ಕೇಳುವುದು. ಫೈಲಿನೊಳಗೆ ಬಾಣದಂಥ ಗುರುತುಗಳ ನಡುವೆ ಎರಡೂ ರೂಪ ಇರುತ್ತವೆ. ಇಬ್ಬರೂ ಪಕ್ಕಪಕ್ಕ ಕೂತು ಬೇಕಾದದ್ದು ಉಳಿಸಿ, ಗುರುತುಗಳನ್ನು ಅಳಿಸಿ, ಮತ್ತೆ ಕಮಿಟ್ ಮಾಡಿ. ಒಂದು ಫೈಲಿನ ಮೇಲೆ ಒಂದು ಹೊತ್ತಿಗೆ ಒಬ್ಬರೇ ಎಂದು ಮೊದಲೇ ಮಾತಾಡಿಕೊಂಡರೆ ಈ ಪಂಚಾಯಿತಿ ಅಪರೂಪ.

7. ಸಿಕ್ಕಿಬಿದ್ದಾಗ ಕೇಳುವ ರೀತಿ

ಅರ್ಧ ಗಂಟೆ ಗುಂಪಿನಲ್ಲೇ ಒದ್ದಾಡಿ, ಆಮೇಲೆ ಹೊರಗೆ ಕೇಳಿ. "ವರ್ಕ್ ಆಗ್ತಿಲ್ಲ" ಎಂಬುದಕ್ಕೆ ಯಾರೂ ಉತ್ತರ ಕೊಡಲಾರರು. ವಿಂಡೋಸ್ ಯಾವುದು, ಪೈಥಾನ್ ಎಷ್ಟನೆಯದು, ಏನು ಆಗಬೇಕಿತ್ತು, ಏನಾಯಿತು, ಇಷ್ಟು ಬರೆದು ಎರರ್‌ನ ಪೂರ್ತಿ ಪಠ್ಯವನ್ನು ಕಾಪಿ ಮಾಡಿ ಹಾಕಿ. ಪರದೆಯ ಓರೆ ಫೋಟೋ ಬೇಡ. ಗೂಗಲ್‌ನಲ್ಲಿ ಹುಡುಕುವುದಾದರೆ ಕೊನೆಯ ಸಾಲಿನಿಂದ ನಿಮ್ಮ ಫೈಲ್ ಹೆಸರು, ಫೋಲ್ಡರ್ ಹೆಸರು ತೆಗೆದುಹಾಕಿ.

ಎಐ ಚಾಟ್‌ಗಳನ್ನೂ ಕೇಳಬಹುದು, ಕನ್ನಡದಲ್ಲಿ ವಿವರಿಸು ಎಂದರೆ ವಿವರಿಸುತ್ತವೆ. ಸರಿಮಾಡಿದ ಕೋಡ್ ಕೇಳುವ ಬದಲು "ಈ ಸಾಲಿನ ಅರ್ಥವೇನು" ಎಂದು ಕೇಳಿ. ಅವು ಕೊಟ್ಟ ಕಮಾಂಡಿನಲ್ಲಿ ಅಳಿಸುವುದೋ ಅಡ್ಮಿನ್ ಆಗಿ ಓಡಿಸುವುದೋ ಇದ್ದರೆ, ಅದು ಏನು ಮಾಡುತ್ತದೆಂದು ಗುಂಪಿನಲ್ಲಿ ಒಬ್ಬರಾದರೂ ಬಾಯಿಬಿಟ್ಟು ವಿವರಿಸುವ ತನಕ ಎಂಟರ್ ಒತ್ತಬೇಡಿ. ಪಾಸ್‌ವರ್ಡ್, ಫೋನ್ ನಂಬರ್ ಇರುವ ಸಾಲುಗಳನ್ನು ಎಲ್ಲಿಗೂ ಅಂಟಿಸಬೇಡಿ.